ಒಟಿಪಿ ಇಲ್ಲದೆ ಹಣ ಹೋಗಿದ್ದರೆ ಮೊದಲು ಬೆರಳಚ್ಚಿಗೆ ಬೀಗ ಹಾಕಿ
ಕಾರ್ಡ್ ಕೈಯಲ್ಲೇ ಇದ್ದು, ಒಟಿಪಿಯೂ ಬಾರದೆ ನಿಮ್ಮ ತಾಯಿಯ ಖಾತೆಯಿಂದ 10,000 ರೂಪಾಯಿ ಹೋಗಿದ್ದು, ಸಂದೇಶದಲ್ಲಿ ‘ಎಇಪಿಎಸ್’ (ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನಿಂದ ಹಣ ತೆಗೆಯುವ ವ್ಯವಸ್ಥೆ) ಎಂದಿರುವುದರಿಂದ, ಅದು ಬಹುಮಟ್ಟಿಗೆ ನಕಲಿ ಬೆರಳಚ್ಚು ಬಳಸಿ ಆಧಾರ್ ಮೂಲಕ ತೆಗೆದ ಹಣ. ಬೆರಳಚ್ಚು ಸೋರಿದ್ದು ಆಸ್ತಿ ನೋಂದಣಿ ಪತ್ರದಿಂದಲೋ ಬೇರೆಡೆಯಿಂದಲೋ ಎಂಬುದನ್ನು ಇಷ್ಟರಿಂದಲೇ ಹೇಳಲಾಗದು. ಪಿನ್ ಬದಲಿಸಿ ಪ್ರಯೋಜನವಿಲ್ಲ. ಮೊದಲು ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ನಾವು ಅದಕ್ಕೆ ತಡಮಾಡಿದ್ದರಿಂದ ನನ್ನ ತಂದೆಯ ಖಾತೆಯಿಂದ ಮರುದಿನವೂ ಅಷ್ಟೇ ಮೊತ್ತ ಹೋಯಿತು. ಲಾಕ್ ಆದ ಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ ದೂರಿನ ಸಂಖ್ಯೆ ಪಡೆದು, ಅದನ್ನು ನಮೂದಿಸಿ ಶಾಖೆಗೆ ಲಿಖಿತ ದೂರು ಕೊಟ್ಟು, ನಿಮ್ಮ ಪ್ರತಿಗೆ ದಿನಾಂಕಸಹಿತ ಮೊಹರು ಹಾಕಿಸಿಕೊಳ್ಳಿ. ಆ ಮೊಹರೇ ಮುಖ್ಯ, ಏಕೆಂದರೆ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ತಪ್ಪು ಗ್ರಾಹಕರದ್ದೂ ಬ್ಯಾಂಕಿನದ್ದೂ ಅಲ್ಲದ ಪ್ರಕರಣವನ್ನು ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅದೇ ಪ್ರತಿಯೊಂದಿಗೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ) ದೂರು ಸಲ್ಲಿಸಿ.