ಎರಡು ಸೆಂಟಿಮೀಟರ್ ಉದ್ದದ ಟ್ಯಾಂಕುಗಳಿಗೆ ಸರಿಯಾದ ಹಸಿರನ್ನೇ ಬಳಿದರೂ ಅವು ಕಪ್ಪಾಗಿ ಕಾಣುವುದೇಕೆ?

ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಮತ್ತು ಜರ್ಮನ್ ಸೇನೆಗಳ ನಡುವೆ ನಡೆದ ಕುರ್ಸ್ಕ್ ಕದನವನ್ನು ಮೇಜಿನ ಮೇಲೆ ಆಡಲೆಂದು 1/285 ಪ್ರಮಾಣದ, ಅಂದರೆ ನಿಜವಾದದ್ದರ 285ನೇ ಒಂದು ಭಾಗದಷ್ಟು ಉದ್ದದ, ಸೋವಿಯತ್ ಟಿ-34 ಟ್ಯಾಂಕುಗಳ ಮಾದರಿಗಳನ್ನು ತರಿಸಿಕೊಂಡು, ಸೋವಿಯತ್ ಸೇನೆ ಬಳಸುತ್ತಿದ್ದ ಹಸಿರಿಗೆ ಹೊಂದುವ ಬಣ್ಣವನ್ನೇ ಹುಡುಕಿ ಹಚ್ಚಿದರೂ ಅವು ಕಪ್ಪು ಮುದ್ದೆಗಳಂತೆ ಕಾಣುತ್ತವೆ ಎಂದು ನೀವು ಬರೆದಿದ್ದೀರಿ. ನೀವು ಆರಿಸಿದ ಬಣ್ಣದಲ್ಲಿ ದೋಷವಿಲ್ಲ. ಆದರೆ ಅದು ಆರು ಮೀಟರ್ ಉದ್ದದ ಯಂತ್ರಕ್ಕೆ ಒಪ್ಪುವ ಬಣ್ಣವೇ ಹೊರತು 21 ಮಿಲಿಮೀಟರ್ ಉದ್ದದ ಲೋಹದ ತುಂಡಿಗಲ್ಲ.

ಆಟವಾಡುವಾಗ ನಾವು ಈ ಟ್ಯಾಂಕುಗಳನ್ನು ಸುಮಾರು 60 ಸೆಂಟಿಮೀಟರ್ ದೂರದಿಂದ ನೋಡುತ್ತೇವೆ. ಪ್ರಮಾಣಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ ಅದು ನಿಜವಾದ ಟ್ಯಾಂಕನ್ನು 170 ಮೀಟರ್ ಆಚೆಯಿಂದ ನೋಡಿದಂತಾಯಿತು. ಅಷ್ಟು ದೂರದಲ್ಲಿರುವ ಹಸಿರು ಬಿಸಿಲು ಮತ್ತು ಧೂಳಿನ ನಡುವೆ ತಿಳಿಯಾಗಿ, ತುಸು ಮಸುಕಾಗಿ ಕಾಣುತ್ತದೆ. ನಮ್ಮ ಮೇಜಿನ ಮೇಲಾದರೋ ಬಿಸಿಲೂ ಇಲ್ಲ, ಬೆಳಕು ಬಿದ್ದು ಹರಡಲು ಬೇಕಾದಷ್ಟು ವಿಸ್ತಾರವೂ ಆ ಪುಟ್ಟ ಮೈಗೆ ಇಲ್ಲ. ಆದ್ದರಿಂದ ಮೂಲ ಬಣ್ಣವನ್ನು ನಿಮಗೆ ಸರಿಯೆನಿಸುವುದಕ್ಕಿಂತ ಎರಡು ಹಂತ ತಿಳಿಗೊಳಿಸಿಯೇ ಹಚ್ಚಬೇಕು. ಹಾಗೆ ತಿಳಿಗೊಳಿಸಲು ಬಿಳಿಯನ್ನು ಬೆರೆಸಿದರೆ ಹಸಿರು ಸುಣ್ಣ ಕಲಸಿದಂತಾಗುತ್ತದೆ. ಮರಳಿನ ಬಣ್ಣ ಅಥವಾ ತಿಳಿ ಖಾಕಿಯನ್ನು ಬೆರೆಸುವುದು ಉತ್ತಮ.

ಎರಡನೆಯ ಕಾರಣ ಬಣ್ಣದ ದಪ್ಪ. ಈ ಪ್ರಮಾಣದಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ ಪದರವೆಂದರೆ ನಿಜವಾದ ಟ್ಯಾಂಕಿನ ಮೇಲೆ 28 ಮಿಲಿಮೀಟರ್ ದಪ್ಪದ ಹಾಳೆಯನ್ನು ಬಡಿದಂತೆ. ಟಿ-34ರ ಮುಂಭಾಗದ ಉಕ್ಕೇ 45 ಮಿಲಿಮೀಟರ್ ಇದ್ದದ್ದು ಎಂಬುದನ್ನು ನೆನೆದರೆ, ಎರಡು ದಪ್ಪ ಪದರಗಳಲ್ಲಿ ಎಂಜಿನ್ ಜಾಲರಿಯೂ ಗಾಲಿಗಳ ನಡುವಿನ ಸಂದುಗಳೂ ಏಕೆ ಮುಚ್ಚಿಹೋಗುತ್ತವೆ ಎಂಬುದು ಅರ್ಥವಾಗುತ್ತದೆ. ಅಚ್ಚಿನಿಂದ ಬಂದ ಜಿಡ್ಡನ್ನು ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ, ಬೂದು ಬಣ್ಣದ ಪ್ರೈಮರನ್ನು, ಅಂದರೆ ಮುಂದಿನ ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ತಳಪದರವನ್ನು, ತೆಳ್ಳಗೆ ಸಿಂಪಡಿಸಿ. ಕಪ್ಪು ಪ್ರೈಮರ್ ಬಳಸಬೇಕೆಂಬ ಸಲಹೆ ದೊಡ್ಡ ಗೊಂಬೆಗಳಿಗೆ ಸರಿ. ಇಲ್ಲಿ ಅದೇ ನಿಮ್ಮ ಹಸಿರನ್ನು ಇನ್ನಷ್ಟು ನುಂಗುತ್ತದೆ. ಮಳೆಗಾಲದ ತೇವದಲ್ಲಿ ಸ್ಪ್ರೇ ಮಾಡಿದರೆ ಮೈ ಮಸುಕಾಗುವುದೂ ತರಿತರಿಯಾಗುವುದೂ ಉಂಟು, ಒಣ ಹವೆಯ ದಿನಕ್ಕಾಗಿ ಕಾಯಿರಿ. ಆಮೇಲಿನ ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳುವಾಗಿಸಿ, ಒಂದೇ ದಪ್ಪ ಪದರದ ಬದಲು ಎರಡು ತೆಳು ಪದರಗಳಾಗಿ ಹಚ್ಚಿ.

ಟ್ಯಾಂಕಿಗೆ ಆಕಾರ ಬರುವುದು ಇದರ ನಂತರದ ಎರಡು ಕೆಲಸಗಳಿಂದ, ಮತ್ತು ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಸಮಯವನ್ನು ಇವುಗಳಿಗೇ ಕೊಡಬೇಕು. ಮೊದಲನೆಯದು ವಾಷ್: ಕಡು ಕಂದು ಬಣ್ಣದ ತೀರಾ ತೆಳುವಾದ ದ್ರವವನ್ನು ಗಾಲಿಗಳ ಸಾಲಿಗೂ ಟರೆಟ್ಟಿನ (ನಳಿಗೆಯನ್ನು ಹೊತ್ತು ತಿರುಗುವ ಮೇಲ್ಭಾಗದ) ಬುಡಕ್ಕೂ ಜಾಲರಿಗೂ ಬಿಟ್ಟು, ಸಮತಟ್ಟಾದ ಜಾಗದಲ್ಲಿ ನಿಂತದ್ದನ್ನು ಒಣಗುವ ಮೊದಲೇ ಒದ್ದೆ ಕುಂಚದಿಂದ ಹೀರಿ ತೆಗೆಯಬೇಕು. ಕಪ್ಪು ವಾಷನ್ನು ಇಡೀ ಮೈಮೇಲೆ ಸುರಿದರೆ ನೀವು ದೂರುತ್ತಿರುವ ಸ್ಥಿತಿಗೇ ಮರಳುತ್ತೀರಿ. ಎರಡನೆಯದು ಡ್ರೈಬ್ರಷ್: ಮೂಲ ಬಣ್ಣಕ್ಕಿಂತ ಬಹಳ ತಿಳಿಯಾದ ಹಸಿರಿನಲ್ಲಿ ಕುಂಚವನ್ನು ಅದ್ದಿ, ಕಾಗದದ ಮೇಲೆ ಬಹುಪಾಲು ಒರೆಸಿ ತೆಗೆದು, ಉಳಿದ ಪುಡಿಯಂಥ ಬಣ್ಣವನ್ನು ಟರೆಟ್ಟಿನ ಅಂಚು, ಮುಚ್ಚಳ, ನಳಿಗೆಯ ಮೇಲ್ಭಾಗ ಇವುಗಳ ಮೇಲೆ ಹಗುರವಾಗಿ ಉಜ್ಜಬೇಕು. ಕೈಯಲ್ಲಿ ಹಿಡಿದು ನೋಡಿದಾಗ ಈ ಅಂಚುಗಳು ಅತಿಯಾಯಿತೆನಿಸುವಷ್ಟು ಬೆಳ್ಳಗಿದ್ದರೆ ಮೇಜಿನ ಮೇಲೆ ಸರಿಯಾಗಿರುತ್ತವೆ. ಹಾಗಾಗಿ ಕೆಲಸದ ನಡುವೆ ಆಗಾಗ ಟ್ಯಾಂಕನ್ನು ಕೆಳಗಿಟ್ಟು, ಎದ್ದು ನಿಂತು ನೋಡುತ್ತಿರಬೇಕು.

ಎದುರಾಳಿ ಜರ್ಮನ್ ಟ್ಯಾಂಕುಗಳು ಈ ವಿಷಯದಲ್ಲಿ ಸುಲಭ. 1943ರ ಫೆಬ್ರುವರಿಯಲ್ಲಿ ಜರ್ಮನ್ ಸೇನೆ ಕಡು ಬೂದಿನ ಬದಲು ಹಳದಿಯನ್ನು ಮೂಲ ಬಣ್ಣವಾಗಿಸಿತು, ಅದರ ಮೇಲೆ ಹಸಿರು ಮತ್ತು ಕೆಂಗಂದು ಪಟ್ಟೆಗಳನ್ನು ಸಿಬ್ಬಂದಿಯೇ ಸಿಂಪಡಿಸಿಕೊಳ್ಳುತ್ತಿದ್ದರು. ಆದ್ದರಿಂದ ಅದೇ ವರ್ಷದ ಜುಲೈನ ಕುರ್ಸ್ಕ್‌ಗೆ ತಿಳಿ ಹಳದಿಯೇ ಆಧಾರವಾಗಬಹುದು. ಆದರೆ ಪಟ್ಟೆಗಳನ್ನು ಅಳತೆಗೆ ಸರಿಯಾಗಿ ಎಳೆಯಲು ಹೋಗಬೇಡಿ. 15 ಸೆಂಟಿಮೀಟರ್ ಅಗಲದ ಪಟ್ಟೆ ಇಲ್ಲಿ ಅರ್ಧ ಮಿಲಿಮೀಟರ್ ಆಗಿ, ದೂರದಿಂದ ಎಲ್ಲವೂ ಕಲಸಿ ಒಂದೇ ಕೆಸರು ಬಣ್ಣವಾಗಿ ತೋರುತ್ತದೆ. ಪಟ್ಟೆಗಳು ಕಡಿಮೆಯಿರಲಿ, ಅಗಲವಾಗಿರಲಿ.

ಕುಂಚದ ಬಗ್ಗೆಯೂ ಕೇಳಿದ್ದೀರಿ. ಅತಿ ಸಣ್ಣ ಕುಂಚದಲ್ಲಿ ಬಣ್ಣ ಟ್ಯಾಂಕನ್ನು ಮುಟ್ಟುವ ಮೊದಲೇ ಒಣಗುತ್ತದೆ. ಚೂಪಾದ ತುದಿಯಿರುವ 0 ಅಥವಾ 1ನೇ ಸಂಖ್ಯೆಯ ಕುಂಚ ಸಾಕು. ಡ್ರೈಬ್ರಷ್‌ಗೆ ಮಾತ್ರ ಸವೆದ ಹಳೆಯ ಕುಂಚವನ್ನು ಬೇರೆಯಾಗಿಡಿ. ಟರೆಟ್ಟಿನ ಮೇಲಿನ ಅಂಕಿಗಳ ವಿಷಯದಲ್ಲಿ ನನಗೆ ಹೆಚ್ಚು ಹಟವಿಲ್ಲ: ಅರ್ಧ ಮೀಟರ್ ಎತ್ತರದ ಅಂಕಿಯೂ ಇಲ್ಲಿ ಎರಡು ಮಿಲಿಮೀಟರ್ ಮುಟ್ಟುವುದಿಲ್ಲ, ಹೀಗಾಗಿ ಮಾಸಲು ಬಿಳಿಯಲ್ಲಿ ಎರಡು ಮೂರು ಗೀಟು ಎಳೆದರೂ ಕಣ್ಣು ಅದನ್ನು ಅಂಕಿಯೆಂದೇ ಓದಿಕೊಳ್ಳುತ್ತದೆ. ಯಾವ ಟ್ಯಾಂಕ್ ಯಾವ ತುಕಡಿಗೆ ಸೇರಿದ್ದು ಎಂಬುದು ಆಟಕ್ಕೆ ನಿಜವಾಗಿ ಬೇಕಿದ್ದರೆ, ಅದನ್ನು ಟ್ಯಾಂಕನ್ನು ಕೂರಿಸಿದ ಅಡಿಹಲಗೆಯ ಹಿಂದಿನ ಅಂಚಿನಲ್ಲಿ ಬರೆದಿಡಿ.