‘ಜಾಗ ಇಲ್ಲ’ ಅಂತ ಹೇಳ್ಬಿಟ್ಟೆ, ಈಗ ನಿದ್ದೆ ಬರ್ತಿಲ್ಲ

ಪ್ರಶ್ನೆ: ಅಕ್ಕ, ನಾವು ಮೈಸೂರಿನ ಗಾಂಧಿನಗರದಲ್ಲಿದ್ದೀವಿ. ಯಜಮಾನ್ರ ಅಕ್ಕ ಇರೋದು ಮಂಡ್ಯದಲ್ಲಿ, ಆಗಸ್ಟಲ್ಲಿ ಅವರ ಗಂಡ ತೀರ್ಕೊಂಡ್ರು. ಕ್ರಿಸ್ಮಸ್‌ಗೆ ಹತ್ತು ದಿನ ಬಂದಿರ್ತೀನಿ ಅಂತ ಫೋನ್ ಮಾಡಿದ್ರು. ನನ್ನ ಮಗನ ಜ್ಞಾನಸ್ನಾನದ ದಿನ ಎಲ್ಲರ ಮುಂದೆ ‘ಬರಿಗೈಲಿ ಬಂದವಳು’ ಅಂದಿದ್ರು, ಅದನ್ನ ನಾನಿನ್ನೂ ಮರ್ತಿಲ್ಲ. ಮನೇಲಿ ಜಾಗ ಇಲ್ಲ ಅಂತ ಸುಳ್ಳು ಹೇಳ್ಬಿಟ್ಟೆ. ಚರ್ಚಲ್ಲಿ ಫಾದರ್ ಹತ್ರ ಪಾಪನಿವೇದನೆ ಮಾಡ್ಕೊಂಡ್ರೆ ಸಾಕಾ?

ಉತ್ತರ: ಮಾಡ್ಕೊಳ್ಳಿ ತಂಗಿ, ಖಂಡಿತ ಮಾಡ್ಕೊಳ್ಳಿ, ಆದ್ರೆ ಅದಾದ್ಮೇಲೂ ಮಂಡ್ಯದಲ್ಲಿ ಆಕೆ ಒಬ್ರೇ ಕೂತಿರ್ತಾರಲ್ವಾ?

ಆ ಮಾತು ಸಣ್ಣದು ಅಂತ ನಾನು ಹೇಳಲ್ಲ. ಮಗು ಎತ್ಕೊಂಡು ನಿಂತಿರೋ ತಾಯಿಗೆ ನೆಂಟರ ಎದುರು ಹಾಗೆ ಅನ್ನಬಾರ್ದಿತ್ತು. ಆದ್ರೆ ನಿಮ್ಮ ಬಾಯಿಂದ ಬಂದ ಮಾತೂ ನೋಡಿ, ಬೈಬಲಲ್ಲಿ ಲೂಕನ ಶುಭಸಂದೇಶದ 2ನೇ ಅಧ್ಯಾಯ, ಕ್ರಿಸ್ಮಸ್ ರಾತ್ರಿ ಪೂಜೇಲಿ ಪ್ರತಿ ವರ್ಷ ಕೇಳ್ತೀವಿ, ಯೇಸು ಹುಟ್ಟೋ ಹೊತ್ತಲ್ಲಿ ಛತ್ರದಲ್ಲಿ ಮರಿಯ, ಜೋಸೆಫರಿಗೆ ಜಾಗ ಇರ್ಲಿಲ್ಲ ಅಂತ. ನಿದ್ದೆ ಬರ್ದೇ ಇರೋದು ಅದಕ್ಕೇ ಕಣಮ್ಮ.

ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಫಾದರ್ ಹಾಕೋ ನೇರಳೆ ಬಣ್ಣಾನೇ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲೂ ಹಾಕೋದು, ಅದು ಪಶ್ಚಾತ್ತಾಪದ ಬಣ್ಣ. ನಾವು ಕೇಕಿಗೆ ದ್ರಾಕ್ಷಿ ನೆನೆಹಾಕ್ತೀವಿ, ಸ್ಟಾರ್ ಕಟ್ತೀವಿ, ಗೋದಲಿ ಮಾಡ್ತೀವಿ, ಕ್ಯಾರೋಲ್ಸ್‌ನವರು ಎಷ್ಟು ಜನ ಬಂದ್ರೂ ನಗ್ತಾ ಟೀ ಕೊಡ್ತೀವಿ, ಅದೆಲ್ಲಾ ಸುಲಭ, ಅವರ್ಯಾರೂ ನಮ್ಮನ್ನ ನೋಯಿಸಿಲ್ವಲ್ಲ. ಕಷ್ಟ ಆಗೋದು ಇಂಥ ಒಬ್ಬರಿಗೆ ಹಾಸಿಗೆ ಹಾಸೋವಾಗ. ಸಿಟ್ಟು ಪೂರ್ತಿ ಇಳೀಲಿ ಆಮೇಲೆ ಕರೀತೀನಿ ಅಂತ ಕಾದ್ರೆ ಕರೆಯೋ ದಿನಾನೇ ಬರಲ್ಲ, ಸಿಟ್ಟಿದ್ರೂ ಇರ್ಲಿ, ಮೊದ್ಲು ಕರೀರಿ.

ಹಾಗಂತ ಹತ್ತು ದಿನ ಹಲ್ಲು ಕಚ್ಕೊಂಡಿರಿ ಅಂತಲೂ ಅಲ್ಲ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತಮ್ಮ ಮಠದವರಿಗೆ ಬರೆದ ನಿಯಮದ 53ನೇ ಅಧ್ಯಾಯದಲ್ಲಿ ಬಂದವರನ್ನೆಲ್ಲಾ ಕ್ರಿಸ್ತನನ್ನೇ ಬರಮಾಡ್ಕೊಂಡಂಗೆ ಬರಮಾಡ್ಕೊಳ್ಳಿ ಅಂದ್ರು, ಅದೇ ಅಧ್ಯಾಯದಲ್ಲಿ ಅತಿಥಿಗಳಿಗೆ ಅಡುಗೆಮನೆ ಬೇರೆ ಇರ್ಲಿ, ಹೊತ್ತಲ್ಲದ ಹೊತ್ತಲ್ಲಿ ಬಂದ್ರೆ ಮಠದವರಿಗೆ ತೊಂದ್ರೆ ಆಗ್ಬಾರ್ದು ಅಂತಲೂ ಬರೆದ್ರು. ನನಗೆ ಇದು ತುಂಬಾ ಇಷ್ಟ. ನಮ್ಮಮ್ಮನೂ ಹೀಗೇನೇ, ಕುಡಿಯೋ ನಮ್ಮ ಮಾವನಿಗೆ ಪ್ರತಿ ಕ್ರಿಸ್ಮಸ್‌ಗೂ ನಡುಮನೇಲಿ ಚಾಪೆ ಹಾಸಿ ಹೊಟ್ಟೆ ತುಂಬ ಬಡಿಸೋರು, ಬಾಟ್ಲಿ ಮಾತ್ರ ಹೊಸ್ತಿಲು ದಾಟೋ ಹಾಗಿರ್ಲಿಲ್ಲ.

ನೀವೂ ದಿನ ಗೊತ್ತು ಮಾಡ್ಕೊಳ್ಳಿ, 23ರಿಂದ 27ರ ತನಕ ಬನ್ನಿ ಅಂತ ಬಾಯಿಬಿಟ್ಟು ಹೇಳಿ. ಇವತ್ತೇ ಫೋನ್ ಮಾಡಿ, ನೀವೇ ಮಾಡಿ. ‘ಆವತ್ತು ಜಾಗ ಇಲ್ಲ ಅಂದಿದ್ದು ಸುಳ್ಳು, ತಪ್ಪಾಯ್ತು’ ಅಂದ್ರೆ ಸಾಕು, ಹಳೇ ಮಾತು ಫೋನಲ್ಲಿ ಎತ್ತಬೇಡಿ. ಅದನ್ನ ಯಜಮಾನ್ರ ಹತ್ರ ಮೊದ್ಲೇ ಹೇಳಿಡಿ, ಅಕ್ಕ ಮತ್ತೆ ಹಾಗೇನಾದ್ರೂ ಅಂದ್ರೆ ತಡೀಬೇಕಾದೋರು ತಮ್ಮ, ನೀವಲ್ಲ.

ಗಂಡ ಇಲ್ಲದ ಮೊದಲ ಕ್ರಿಸ್ಮಸ್ ಅವರದು, ಸುಮ್ನೆ ಸೋಫಾ ಮೇಲೆ ಕೂರಿಸ್ಬೇಡಿ, ಕಜ್ಜಾಯದ ಹಿಟ್ಟು ಅವರ ಕೈಗೆ ಕೊಡಿ. ಅಳು ಬಂದ್ರೆ ಅಳಲಿ, ಒಲೆ ಮುಂದೆ ಯಾರೂ ಏನೂ ಕೇಳಲ್ಲ. ಇನ್ನೊಂದು, ಅತಿಥಿ ಬಂದ್ರು ಅಂದ್ರೆ ಮಠದ ಹಿರಿಯರೇ ಎದ್ದು ಹೋಗಿ ಎದುರುಗೊಳ್ಬೇಕು ಅಂತಲೂ ಬೆನೆಡಿಕ್ಟ್ ಬರೆದಿದ್ದಾರೆ, 23ಕ್ಕೆ ಬಸ್ ಸ್ಟ್ಯಾಂಡಿಗೆ ಯಜಮಾನ್ರನ್ನ ಒಬ್ರನ್ನೇ ಕಳಿಸ್ಬೇಡಿ, ನೀವೂ ಹೋಗಿ.