ರೋಮಾಂಚನವೂ ಆಯ್ತು, ಸಂಕಟವೂ ಆಯ್ತು: ಸ್ಪೇನಿನಲ್ಲಿ ಹೋರಿ ಕಾಳಗ ನೋಡಿದ ವಿದ್ಯಾರ್ಥಿಯ ಪ್ರಕರಣ

ಹಾವೇರಿ ಕಡೆಯ ಈ ಹುಡುಗ ಸ್ಪೇನಿನ ಸೆವಿಲ್ ನಗರದಲ್ಲಿ ಸ್ನಾತಕೋತ್ತರ ಓದುತ್ತಿದ್ದಾರೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಆಪ್ತಸಮಾಲೋಚನೆಗೆಂದು ನನಗೆ ಮಾಡಿದ ವಿಡಿಯೋ ಕರೆಯಲ್ಲಿ ಅವರು ಮೊದಲು ಹೇಳಿಕೊಂಡಿದ್ದು ನಿದ್ದೆಯ ತೊಂದರೆ. ಓದೋಕೆ ಕೂತರೆ ಮನಸ್ಸು ನಿಲ್ಲುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಲೆ ತಗ್ಗಿಸಿ ಕೇಳಿದರು: “ಮೇಡಂ, ಹೋರಿ ಸಾಯೋದನ್ನ ನೋಡಿ ಚಪ್ಪಾಳೆ ತಟ್ಟಿದೀನಿ. ನಾನು ಎಂಥ ಮನುಷ್ಯ?”

ಅವರು ಬಾಡಿಗೆಗೆ ಇರುವ ಮನೆಯ ಯಜಮಾನಿ ವಯಸ್ಸಾದವರು, ಗಂಡ ತೀರಿಕೊಂಡಿದ್ದಾರೆ. ಏಪ್ರಿಲ್ ಜಾತ್ರೆಯ ಹೊತ್ತಿಗೆ ಆಕೆ ಹೋರಿ ಕಾಳಗ ನಡೆಯುವ ಮಾಯೆಸ್ತ್ರಾನ್ಸಾ ಅಖಾಡದ ಎರಡು ಟಿಕೆಟ್ ತಂದು, ಒಂದನ್ನು ಪ್ರೀತಿಯಿಂದ ಇವರ ಕೈಗಿಟ್ಟರು. ಗಂಡನ ಜೊತೆ ವರ್ಷಾ ವರ್ಷಾ ಹೋಗುತ್ತಿದ್ದ ಜಾಗ ಅದು. ಬೇಡ ಅನ್ನೋಕೆ ಇವರಿಗೆ ಬಾಯಿ ಬರಲಿಲ್ಲ. ನೋಡೋ ಆಸೆಯೂ ಇತ್ತು ಅಂತ ಆಮೇಲೆ ಒಪ್ಪಿಕೊಂಡರು. ಊರಲ್ಲಿ ಇವರ ಮನೆಯಲ್ಲೇ ಕೊಬ್ಬರಿ ಹೋರಿ, ಅಂದರೆ ಕೊಬ್ಬರಿ ಹಾರ ಕಟ್ಟಿ ಓಡಿಸುವ ಹೋರಿ ಇದೆ. ದೀಪಾವಳಿ ಕಳೆದ ಮೇಲೆ ನಡೆಯುವ ಹೋರಿ ಹಬ್ಬದಲ್ಲಿ ಚಿಕ್ಕಂದಿನಿಂದ ಓಡಿದವರು.

ಸ್ಪೇನಿನ ಕಾಳಗದಲ್ಲಿ ಸಾಮಾನ್ಯವಾಗಿ ಹೋರಿಯನ್ನು ಎದುರಿಸಿ ಕೊಲ್ಲುವ ಮೂವರು ಮಟಾಡೋರ್‌ಗಳು, ಆರು ಹೋರಿಗಳು. ಮೊದಲು ಕುದುರೆ ಮೇಲಿನ ಪಿಕಡೋರ್ ಭರ್ಜಿಯಿಂದ ಹೋರಿಯ ಹೆಗಲಿಗೆ ತಿವಿಯುತ್ತಾನೆ. ಆಮೇಲೆ ಬಣ್ಣದ ಕಾಗದ ಸುತ್ತಿದ ಮುಳ್ಳುಕೋಲುಗಳನ್ನು ಬೆನ್ನಿಗೆ ಚುಚ್ಚುತ್ತಾರೆ. ಕೊನೆಯಲ್ಲಿ ಮಟಾಡೋರ್ ಕೆಂಪು ಬಟ್ಟೆ, ಕತ್ತಿ ಹಿಡಿದು ಬರುತ್ತಾನೆ. ಸೆವಿಲ್‌ನಂಥ ಮೊದಲ ದರ್ಜೆ ಅಖಾಡಕ್ಕೆ ಬಿಡುವ ಹೋರಿ ಕನಿಷ್ಠ 460 ಕಿಲೋ ತೂಗಬೇಕು. ಹೋರಿ ಸಾಕಿದ ಮನೆಯ ಹುಡುಗ. ಆ ಹೆಗಲು, ಆ ಕೊರಳು ನೋಡಿದ್ದೇ ಮೈ ಜುಮ್ಮೆಂದಿತಂತೆ.

ಆದರೆ ಒಂದರ ಮೇಲೊಂದಾಗಿ ಅಷ್ಟೂ ದೃಶ್ಯ ಅವರ ತಲೆಯಲ್ಲಿ ಕಲಸಿಹೋಗಿತ್ತು. ಹಾಗಾಗಿ ನಾನು ಮೊದಲು ಕೇಳಿದ್ದು ಒಂದೇ: ಕಂಡದ್ದನ್ನು ಕಂಡ ಕ್ರಮದಲ್ಲಿ ಬರೆಯಿರಿ, ಪಕ್ಕದಲ್ಲಿ ಆಗ ನಿಮ್ಮ ಕೈ ಏನು ಮಾಡ್ತಿತ್ತು ಅಂತ ಬರೆಯಿರಿ. ಸುಮ್ನೆ ಸಮಾಧಾನ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ.

ಮುಂದಿನ ವಾರ ಓದಿ ಹೇಳಿದರು. ಮೂರನೇ ಹೋರಿ ಮಟಾಡೋರನ ಸೊಂಟಕ್ಕೆ ಉಜ್ಜಿಕೊಂಡೇ ಸಾಗಿತು. ಬ್ಯಾಂಡ್ ಶುರುವಾಯಿತು. ಜನ “ಓಲೇ” ಎಂದರು, ಇವರ ಬಾಯಲ್ಲೂ ಬಂತು, ಚಪ್ಪಾಳೆ ತಟ್ಟಿದರು. ಕತ್ತಿ ಮೊದಲ ಸಲ ಮೂಳೆಗೆ ತಾಗಿ ಹಿಂದಕ್ಕೆ ಚಿಮ್ಮಿತು. ಎರಡನೇ ಸಲ ಒಳಗೆ ಹೋಯಿತು. ಹೋರಿ ಮರದ ಬೇಲಿಗೆ ಒರಗಿ ನಿಂತಿತು, ಬಾಯಿಂದ ರಕ್ತ, ನಾಲಗೆ ಹೊರಗೆ. ಆಗ ಇವರ ಎರಡೂ ಕೈ ಮೊಣಕಾಲನ್ನು ಬಿಗಿಯಾಗಿ ಹಿಡಿದಿದ್ದವು. ಹೇಸರಗತ್ತೆಗಳು ಅದನ್ನು ಎಳೆದುಕೊಂಡು ಹೋಗುವಾಗ ಯಜಮಾನಿ ಕಣ್ಣೊರೆಸಿಕೊಂಡರು. ಗಂಡನ ನೆನಪಿಗೋ, ಹೋರಿಗೋ, ಇವರಿಗೆ ಗೊತ್ತಾಗಲಿಲ್ಲ. ಎದ್ದು ಹೋಗೋಣ ಅನ್ನಿಸಿತು, ಆಕೆಯನ್ನು ಬಿಟ್ಟು ಹೋಗಲಾಗದೆ ಆರೂ ಹೋರಿ ಮುಗಿಯುವ ತನಕ ಕೂತರು.

“ಅಂದ್ರೆ ಸತ್ತಿದ್ದಕ್ಕೆ ನಾನು ಚಪ್ಪಾಳೆ ತಟ್ಟಿಲ್ಲ, ಅಲ್ವಾ?” ಎಂದರು. ಹೌದು ಎಂದೆ. ಆದರೆ ಅಷ್ಟಕ್ಕೇ ಬಿಡಲಿಲ್ಲ. ಆ ಓಟ, ಆ ಬ್ಯಾಂಡು, ಆ ಕತ್ತಿ ಎಲ್ಲವೂ ಒಂದೇ ಆಟದ ಭಾಗ, ಕೊನೆಯದನ್ನು ಬಿಟ್ಟು ಮೊದಲಿನದು ಸಿಗಲ್ಲ. ಮೈ ಜುಮ್ಮೆಂದಿದ್ದು ತಪ್ಪಲ್ಲ, ಅದು ನಿಮ್ಮ ಅಖಾಡದಲ್ಲಿ ಕಲಿತ ಮೈ. ಸಂಕಟವಾಗಿದ್ದೂ ನಿಜ. ಎರಡರಲ್ಲಿ ಒಂದನ್ನು ಸುಳ್ಳು ಮಾಡಬೇಕಿಲ್ಲ. ಇನ್ನೊಮ್ಮೆ ಕರೆದರೆ ಹೋಗಬೇಕಾ ಬೇಡವಾ, ಅದಷ್ಟೇ ನಿಮ್ಮ ಕೈಲಿರೋದು ಎಂದೆ. “ಹೋಗಲ್ಲ” ಎಂದರು, ತಕ್ಷಣ.

ಆಮೇಲೆ ಸಿಟ್ಟು ಬಂತು. ಸ್ಪೇನಿನವರೇ ಕ್ರೂರಿಗಳು ಅಂತ ಫೇಸ್‌ಬುಕ್ಕಿನಲ್ಲಿ ಉದ್ದಕ್ಕೆ ಬರೆಯಲು ಹೊರಟಿದ್ದರು. ನಿದ್ದೆ ಸರಿಯಾಗುವ ತನಕ ತಡೆಯಿರಿ ಎಂದೆ. ಆ ದೇಶವೇ ಈ ವಿಷಯದಲ್ಲಿ ಎರಡಾಗಿದೆ. ಸ್ಪೇನಿನದೇ ಪ್ರಾಂತ್ಯ ಕೆಟಲೋನಿಯಾ 2010ರಲ್ಲಿ ಕಾಳಗವನ್ನು ನಿಷೇಧಿಸಿತು, 2016ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದು ಮಾಡಿತು. 2013ರ ಕಾನೂನು ಕಾಳಗವನ್ನು ಪರಂಪರೆ ಎಂದರೆ, 2024ರಲ್ಲಿ ಸಂಸ್ಕೃತಿ ಸಚಿವಾಲಯ ಅದರ ರಾಷ್ಟ್ರೀಯ ಪ್ರಶಸ್ತಿಯನ್ನೇ ಕೈಬಿಟ್ಟಿತು. ಸಹಪಾಠಿಗಳನ್ನು ಕೇಳಿ ನೋಡಿ ಎಂದೆ. ಅವರಲ್ಲಿ ಹೆಚ್ಚಿನವರು ಅಖಾಡದ ಮೆಟ್ಟಿಲನ್ನೇ ಹತ್ತಿರಲಿಲ್ಲ.

ಯಜಮಾನಿಯ ಜೊತೆ ಊಟಕ್ಕೆ ಕೂರುವುದನ್ನು ಅವರು ಬಿಟ್ಟಿದ್ದರು. ಏನು ಹೇಳಬೇಕು ಅಂತ ನಾವಿಬ್ಬರೂ ಜೋರಾಗಿ ಹೇಳಿಕೊಂಡು ಅಭ್ಯಾಸ ಮಾಡಿದೆವು. “ಕರೆದುಕೊಂಡು ಹೋಗಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅದು ನಿಮಗೆಷ್ಟು ಮುಖ್ಯ ಅಂತ ನೋಡಿದೆ. ಆದರೆ ಹೋರಿ ಸಾಯೋದನ್ನ ನನಗೆ ಇನ್ನೊಮ್ಮೆ ನೋಡೋಕೆ ಆಗಲ್ಲ.” ಇಷ್ಟೇ, ಉಪದೇಶ ಬೇಡ. ಆಕೆ ಕೇಳಿ, ನನ್ನ ಮಗಳೂ ಬರಲ್ಲ ಎಂದು ಸೂಪ್ ಬಡಿಸಿದರಂತೆ.

ಅಪ್ಪನಿಗೆ ಹೇಳುವುದೇ ಕಷ್ಟವಾಯಿತು. “ಅಲ್ಲೂ ಹೋರಿ ಹಬ್ಬ ಮಾಡ್ತಾರಂತಲ್ಲೋ, ನೋಡಿದೇನು?” ಅಂತ ಅವರು ಕೇಳಿದಾಗ ಇಲ್ಲ ಎಂದು ಸುಳ್ಳು ಹೇಳಿದ್ದರು. ಅಪ್ಪ ಫೋನನ್ನು ಮನೆಯ ಹೋರಿ ಕಡೆ ತಿರುಗಿಸಿದಾಗ ಕ್ಯಾಮೆರಾ ಆಫ್ ಮಾಡಿದ್ದರು. ಕೊನೆಗೆ ನಿಜ ಹೇಳಿದರು. “ಕೊಂದೇ ಬಿಡ್ತಾರೇನು?” ಎಂದ ಅಪ್ಪ ಒಂದೊಂದಾಗಿ ಎಲ್ಲ ಕೇಳಿ ತಿಳಿದುಕೊಂಡರು. ಆ ರಾತ್ರಿ ಹುಡುಗ ಚೆನ್ನಾಗಿ ಮಲಗಿದರು. ತಿಂಗಳಾದರೂ ಅದೇ ದೃಶ್ಯ ಕಣ್ಣಿಗೆ ಕಟ್ಟುತ್ತಿದ್ದರೆ ವಿಶ್ವವಿದ್ಯಾಲಯದ ಮನೋವೈದ್ಯರನ್ನು ಕಾಣಬೇಕು ಎಂದು ಹೇಳಿಟ್ಟಿದ್ದೆ, ಅದರ ಅಗತ್ಯ ಬರಲಿಲ್ಲ.

ಈಗ ಅವರ ಮುಂದಿರುವುದು ಊರಿನದೇ ಪ್ರಶ್ನೆ. ನಾವು ಕೊಲ್ಲಲ್ಲ ಅಂತ ಮೊದಮೊದಲು ಹೇಳುತ್ತಿದ್ದರು. ಅದು ದೊಡ್ಡ ವ್ಯತ್ಯಾಸವೇ. ಆದರೂ ಬೆದರಿದ ಹೋರಿಯ ಕಣ್ಣು ಹೇಗಿರುತ್ತೆ ಅಂತ ತಾವೇ ಮಾತು ತೆಗೆದರು. 2014ರಲ್ಲಿ ಜಲ್ಲಿಕಟ್ಟು ನಿಷೇಧಿಸಿದ್ದ ಸುಪ್ರೀಂ ಕೋರ್ಟ್, 2023ರಲ್ಲಿ ತಮಿಳುನಾಡಿನ ಜಲ್ಲಿಕಟ್ಟು, ನಮ್ಮ ಕಂಬಳದ ತಿದ್ದುಪಡಿ ಕಾನೂನುಗಳನ್ನು ಎತ್ತಿಹಿಡಿಯಿತು. ಕಾನೂನು ಒಪ್ಪಿದರೆ ಮನಸ್ಸೂ ಒಪ್ಪಬೇಕೆಂದೇನಿಲ್ಲ. ದೀಪಾವಳಿಗೆ ಊರಿಗೆ ಹೋಗುತ್ತಾರೆ. ಓಡುವ ಮುಂಚೆ ಮತ್ತು ಓಡಿ ಬಂದ ಮೇಲೆ ಹೋರಿಯ ಪಕ್ಕ ನಿಂತು ಅದರ ಉಸಿರು, ಕಣ್ಣು, ಕಾಲು ಗಮನಿಸಿ, ಅಖಾಡಕ್ಕೆ ಇಳಿಯುವ ಮಾತು ಆಮೇಲೆ ಎಂದಿದ್ದೇನೆ. ಅಲ್ಲಿಂದ ಬಂದ ಮೇಲೆ ಮತ್ತೆ ಮಾತಾಡುತ್ತೇವೆ.